ಸ್ಟೋಲ್ ಬೆಟ್ಟದ ಪುಸ್ತಕದಲ್ಲಿ ಇಬ್ಬರ ಹೆಸರು

ಯೆಸೆನಿತ್ಸೆ
19 ಫೆಬ್ರವರಿ 1996

ಪ್ರೀತಿಯ ರೆಜ್ಕಾ,

ಹೇಗಿದ್ದೀಯ? ಹೊಸ ಮನೆ ಬೆಚ್ಚಗಿದೆಯೇ? ಎರಡು ವರ್ಷ ಒಂದು ಸಾಲೂ ಬರೆಯದವಳು ಈಗ ಕುಶಲ ಕೇಳುತ್ತಿದ್ದಾಳೆ ಎಂದು ನೀನು ಮೂಗು ಮುರಿಯುವುದು ಇಲ್ಲಿಂದಲೇ ಕಾಣುತ್ತಿದೆ. ಮುರಿ. ಆದರೆ ಕಾಗದ ಹರಿಯಬೇಡ, ಪೂರ್ತಿ ಓದು.

ನಿನ್ನೆ ಸ್ಟೋಲ್ ಬೆಟ್ಟ ಹತ್ತಿ ಬಂದೆ. ಇಪ್ಪತ್ತು ವರ್ಷ ಪ್ರತಿ ಫೆಬ್ರವರಿ ನಿನ್ನ ಜೊತೆ ಹತ್ತಿದವಳು ಈ ಸಲ ಒಬ್ಬಳೇ. ಕೈಕಾಲು ನೆಟ್ಟಗಿವೆ, ಬಲಮಂಡಿ ಮಾತ್ರ ಊದಿದೆ. ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಬರೆಯುತ್ತಿದ್ದೇನೆ. ಬದುಕಿ ಬಂದೆನಲ್ಲ ಎಂದು ಬೆಳಿಗ್ಗೆಯಿಂದ ಸುಮ್ಮಸುಮ್ಮನೆ ನಗು ಬರುತ್ತಿದೆ.

ತಪ್ಪು ನನ್ನದೇ. ಬೂಟಿಗೆ ಕಟ್ಟುವ ಕಬ್ಬಿಣದ ಮುಳ್ಳುಗಳನ್ನು ಇನ್ನೊಂದು ತಿರುವು, ಇನ್ನೊಂದು ತಿರುವು ಎಂದು ಚೀಲದಲ್ಲೇ ಇಟ್ಟುಕೊಂಡು ಹೋದೆ. ತುದಿಗೆ ಮುಂಚಿನ ಕೊನೆಯ ಏರಿನಲ್ಲಿ ನೆಲವೆಲ್ಲ ಗಾಜಿನಂಥ ಮಂಜುಗಡ್ಡೆ. ಹೆಜ್ಜೆ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಎರಡು ವರ್ಷದ ಹಿಂದೆ ಮುಳ್ಳಿನ ಪಟ್ಟಿ ಹರಿದು ನೀನು ನಿಂತದ್ದು, ನಿನ್ನನ್ನು ಬಿಟ್ಟು ನಾನು ಮೇಲೆ ಹೋದದ್ದು, ಅಲ್ಲೇ.

ಹಿಂದಿನಿಂದ ಒಬ್ಬ ಮುದುಕ ಬಂದ. ಹೆಸರು ಲೋವ್ರೊ, ಎಪ್ಪತ್ತು ದಾಟಿದೆ.

"ಏನಮ್ಮಾ, ಇಲ್ಲೇ ಬೇರು ಬಿಡೋ ಯೋಚ್ನೆನಾ?"

"ನೀವು ಹೋಗಿ. ಸ್ವಲ್ಪ ಸುಧಾರಿಸ್ಕೊಂಡು ಬರ್ತೀನಿ."

"ಸುಳ್ಳು ಹೇಳೋಕೆ ಬೇರೆ ಜಾಗ ಸಿಗ್ಲಿಲ್ವಾ? ಅಲ್ಲಾಡ್ಬೇಡ. ಮುಳ್ಳೆಲ್ಲಿ? ಚೀಲದಲ್ಲಾ! ಮನೇಲಿ ಗೋಡೆಗೆ ನೇತುಹಾಕಿದ್ರೆ ಇನ್ನೂ ಚೆನ್ನಾಗಿ ಕಾಣ್ತಿತ್ತು."

ಬೈಯುತ್ತಲೇ ತನ್ನ ಮಂಜುಗೊಡಲಿಯಿಂದ ಗಡ್ಡೆ ಕೆತ್ತಿ, ನಾನು ಕೂರುವಷ್ಟು ಜಾಗ ಮಾಡಿದ. ಕೈಗವಸು ಕಳಚಿ ನನ್ನ ಬೂಟಿಗೆ ಮುಳ್ಳು ಕಟ್ಟಿ ಪಟ್ಟಿ ಬಿಗಿದ. ಬೆರಳೆಲ್ಲ ನೀಲಿಯಾಗಿತ್ತು. ತುದಿಯವರೆಗೂ ನನಗಿಂತ ಒಂದೇ ಹೆಜ್ಜೆ ಕೆಳಗೆ ನಡೆದ. "ನಿಮಗೆ ತಡ ಆಗಲ್ವಾ?" ಎಂದರೆ, "ಬೆಟ್ಟ ಎಲ್ಲಿಗೆ ಓಡಿಹೋಗುತ್ತೆ?" ಎಂದ. ನನಗೆ ಅಳು ತಡೆಯಲಾಗಲಿಲ್ಲ.

ಮೇಲಿನ ಆಶ್ರಯಮನೆಯಲ್ಲಿ ಅವನ ಚಹಾ ಕುಡಿದೆವು, ಅರ್ಧ ಚಹಾ, ಅರ್ಧ ಹೆಂಡ. ನಾನು ಒಯ್ದಿದ್ದ ಪೊತಿತ್ಸಾ ಕೇಕು ತಿಂದು "ಅಕ್ರೋಟು ಕಡಿಮೆ" ಎಂದ. ಪ್ರತಿ ವರ್ಷ ನೀನು ಹೇಳುತ್ತಿದ್ದದ್ದೂ ಅದನ್ನೇ.

ಬರುವ ಫೆಬ್ರವರಿಗೆ ಬರುತ್ತೀಯಾ? ಬೇಕಾದರೆ ಮನೆಯ ಹೊಸ್ತಿಲಲ್ಲೇ ಮುಳ್ಳು ಕಟ್ಟಿಕೊಳ್ಳುತ್ತೇನೆ. ನಿನ್ನ ಮೊಮ್ಮಗಳಿಗೆ ನನ್ನ ಮುತ್ತು. ದೇವರು ನಿನ್ನ ಮಂಡಿಗಳನ್ನು ಗಟ್ಟಿಯಾಗಿಡಲಿ.

ನಿನ್ನ
ಮಿಂಕಾ

ತಾ.ಕ.: ಅವತ್ತು ನೀನು "ಮಿಂಕಾ, ನಿಲ್ಲೇ" ಎಂದು ಕೂಗಿದ್ದು ಗಾಳಿಯಲ್ಲಿ ಕೇಳಿಸಲಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದೆ. ಕೇಳಿಸಿತ್ತು ರೆಜ್ಕಾ. ಎರಡು ಸಲವೂ ಕೇಳಿಸಿತ್ತು. ತುದಿ ಕಾಣುತ್ತಿತ್ತು, ಹೋಗಿಬಿಟ್ಟೆ. ನಿನ್ನೆ ಆಶ್ರಯಮನೆಯಲ್ಲಿ, ಹತ್ತಿದವರು ಹೆಸರು ಬರೆಯುವ ಹಳೆಯ ಪುಸ್ತಕಗಳನ್ನು ತಿರುವಿದೆ. ಹೋದ ಫೆಬ್ರವರಿ ನಾನು ಮನೆಯಲ್ಲಿ ನಿನ್ನನ್ನು ಬೈಯುತ್ತ ಕೂತಿದ್ದಾಗ ನೀನು ಹತ್ತಿದ್ದೀಯ. ಎಂದಿನಂತೆ ಇಬ್ಬರ ಹೆಸರನ್ನೂ ಬರೆದಿದ್ದೀಯ, ನನ್ನದನ್ನು ಮೊದಲು. ಈ ಸಲ ನಾನೂ ಇಬ್ಬರದ್ದೂ ಬರೆದೆ, ನಿನ್ನದು ಮೊದಲು. ಒಂಟಿ ಹೆಸರಿರುವುದು ತೊಂಬತ್ತನಾಲ್ಕರ ಪುಟದಲ್ಲಿ ಮಾತ್ರ. ಅದು ನನ್ನ ಕೈಬರಹ.