ಶಾಶ್ವತವಾಗಿ ಮುಚ್ಚಿದ ಹಲ್ಲಿನ ಕ್ಲಿನಿಕ್ಕು

ಅಕ್ಕಾ,

ಒಂದಾನೊಂದು ಬೀದಿಯಲ್ಲಿ ಒಬ್ಬಳು ಹಲ್ಲಿನ ಡಾಕ್ಟರಕ್ಕ ಇದ್ದಳಂತೆ. ಕ್ಲಿನಿಕ್ಕಿನ ನೆಲದ ರಿಪೇರಿಗೆಂದು ಬಾಗಿಲು ಹಾಕಿದವಳು, ಆನ್‌ಲೈನ್ ಪುಟದಲ್ಲಿ "ತಾತ್ಕಾಲಿಕವಾಗಿ" ಬಿಟ್ಟು "ಶಾಶ್ವತವಾಗಿ ಮುಚ್ಚಿದೆ" ಅನ್ನೋದನ್ನು ಒತ್ತಿ ಹಾಯಾಗಿ ಮಲಗಿದಳಂತೆ! ಬೆಳಗ್ಗೆ ಅವಳಿನ್ನೂ ಮಲಗಿದ್ದಾಗ ಪೇಷಂಟ್ ತಾತ ಫೋನ್ ಮಾಡಿ, ಫೋನ್ ಎತ್ತಿದ ತಂಗಿಗೆ, "ಅರ್ಧ ಕೂರಿಸಿದ ಹಲ್ಲು ಇಟ್ಕೊಂಡು ನಾನೆಲ್ಲಿಗೆ ಹೋಗ್ಲಮ್ಮಾ?" ಅಂದರಂತೆ. ಉಳಿದವರೂ ಬೇರೆ ಕಡೆ ಹೋಗಿಬಿಟ್ಟರೆ ಅಂತ ತಂಗಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಈಗಲೇ ಸರಿಮಾಡ್ತೀನಿ ತಾತಾ ಅಂತ ಮಾತು ಕೊಟ್ಟಳು.

ಎದ್ದ ಕೂಡಲೇ ತಾತನಿಗೆ ನೀನೇ ಫೋನ್ ಮಾಡು. ಹೊಸ ನೆಲದ ಫೋಟೋ ಕಳಿಸು, ಪುಟಕ್ಕೆ ಹಾಕ್ತೀನಿ. ಇನ್ನೇನನ್ನೂ ಒತ್ತಬೇಡ ಮಹಾತಾಯಿ! ತಿಂಡಿ ಮುಚ್ಚಿಟ್ಟಿದ್ದೀನಿ, ತಾತ್ಕಾಲಿಕವಾಗಿ.

ಬಸ್ಸಿಗೆ ಹೊತ್ತಾಯ್ತು, ಚಪ್ಪಲಿ ಹಾಕ್ಕೊಂಡೇ ನಿನ್ನ ಫೋನ್ ಹಿಡಿದು ನಿಂತಿದ್ದೀನಿ. ಪುಟ ಸರಿಮಾಡಿ ಒತ್ತಿದ್ದೀನಿ, ಪರದೆ ಮೇಲೆ ಚಕ್ರ ಸುತ್ತುತ್ತಿದೆ, ಸುತ್ತುತ್ತಲೇ ಇದೆ... ಹಾಂ, ಬಂತು: "ಸೋಮವಾರ ಮತ್ತೆ ತೆರೆಯುತ್ತದೆ."