ಚುಕ್ಕಾಣಿ ಇಲ್ಲದ ತಾಯಿದೋಣಿ

ಹಳಿಯಾಳ
ಫೆಬ್ರವರಿ ೩೦, ೨೧೩೪

ಕತ್ರಿನ ಮುತ್ತಜ್ಜಿಗೆ, ನಿನ್ನ ಮಗಳ ಮಗಳ ಮಗಳಾದ ಲುವಿಜಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದ ಹರಿಯಬೇಡ. ನಮ್ಮ ಕಾಲದಲ್ಲಿ ತಿಂಗಳುಗಳನ್ನು ಸರಿತೂಗಿಸುವಾಗ ಫೆಬ್ರವರಿಗೂ ಮೂವತ್ತು ದಿನ ಕೊಟ್ಟರು. ನಿನಗೆ ತಿಳಿಯದ ಪದಗಳು ಇಲ್ಲಿ ಬಂದಾವು. ಬಂದಲ್ಲೇ ಬಿಡಿಸಿ ಹೇಳುತ್ತೇನೆ, ಮನ್ನಿಸು. ಈ ಕಾಗದ ಹೋಗುವ ನಿನ್ನ ಕಾಲದಲ್ಲಿ ನಿನಗಿನ್ನೂ ಮೂವತ್ತು ವರ್ಷ, ಇಲ್ಲಿ ನನಗೆ ಐವತ್ತೆಂಟು. ಮುತ್ತಜ್ಜಿ ಎಂದು ಕರೆಯುತ್ತಲೇ ಮಗಳ ವಯಸ್ಸಿನವಳಿಗೆ ಬರೆಯುತ್ತಿದ್ದೇನೆ. ಅದಕ್ಕೇ 'ನೀನು' ಎನ್ನುವ ಸಲಿಗೆ.

ನೀನು ಹಳೆ ಸೀರೆ, ಅಂಗಿಗಳ ತುಂಡು ಕೂಡಿಸಿ ಕೌದಿ ಹೊಲಿಯುತ್ತಿದ್ದೆಯಂತೆ. ಆ ಹೊಲಿಗೆ ನಿನ್ನ ಮಗಳಿಂದ ನನ್ನ ತಾಯಿಗೆ, ತಾಯಿಯಿಂದ ನನಗೆ ಬಂತು. ನಮ್ಮ ಬಿಸಿಲು ನಿನ್ನ ಕಾಲದ್ದಲ್ಲ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಯಾರೂ ಹೊರಗೆ ಕಾಲಿಡಬಾರದೆಂಬ ಕಾನೂನಿದೆ. ಅದಕ್ಕೆ ಹಗಲುಬೀಗ ಎನ್ನುತ್ತೇವೆ. ಆ ಹೊತ್ತಿನಲ್ಲಿ ಪೇಟೆಯ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಮಕ್ಕಳು ಮಧ್ಯಾಹ್ನ ನಿದ್ದೆ ಮಾಡಿ, ದೀಪ ಹಚ್ಚಿದ ಮೇಲೆ ಶಾಲೆಗೆ ಹೋಗುತ್ತಾರೆ. ನಾನು ಕೌದಿಯ ಪದರಗಳ ನಡುವೆ ನೀರು ಹೀರುವ ನಾರು ತುಂಬಿ, ಮನೆಯ ಮಾಡಿನ ಮೇಲೆ ಹೊದಿಸುವ ತಂಪುಕೌದಿ ಮಾಡಿದೆ. ಅದು ಊರೂರಿಗೆ ಹಬ್ಬಿತು. ನಲವತ್ತೈದು ತುಂಬುವ ಹೊತ್ತಿಗೆ ನನ್ನಲ್ಲಿ ದುಡ್ಡಿತ್ತು, ಹೆಸರಿತ್ತು. ಜೊತೆಗೆ ಎಲ್ಲಿಯೂ ಪೂರ್ತಿ ಸಲ್ಲದವಳೆಂಬ ಹಳೆಯ ನೋವೂ ಇತ್ತು.

ಆ ನೋವು ನಿನಗೆ ಹೊಸದಲ್ಲ. ನಾವು ಸಿದ್ದಿಗಳು. ನಮ್ಮ ಹಿರಿಯರನ್ನು ಆಫ್ರಿಕಾದ ಕರಾವಳಿಯಿಂದ ಹಡಗಿನಲ್ಲಿ ತುಂಬಿ ತಂದು ಗೋವೆಯಲ್ಲಿ ಮಾರಿದರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಕಾಡು ಸೇರಿದರು. ಐದುನೂರು ವರ್ಷ ಇಲ್ಲಿಯದೇ ಅನ್ನ ಉಂಡು, ಇಲ್ಲಿಯದೇ ಮಾತಾಡಿದರೂ, ಬಸ್ಸಿನಲ್ಲಿ ಪಕ್ಕ ಕೂತವರು ನನ್ನ ಕೂದಲು ನೋಡಿ 'ಯಾವ ದೇಶದವರು?' ಎಂದು ಇಂದಿಗೂ ಕೇಳುತ್ತಾರೆ. ಹಾಗಾಗಿ ಆಫ್ರಿಕಾದ ಹೊಸ ಕಂಪನಿಗಳಲ್ಲಿ ಹಣ ಹೂಡಲು ಹೊರನಾಡಿನ ವಂಶಸ್ಥರನ್ನು ಕರೆದಾಗ ನಾನು ಮೊದಲ ಸಾಲಿನಲ್ಲಿ ನಿಂತೆ. ಇದಕ್ಕೆ ಬೇರುಹೂಡಿಕೆ ಎಂದು ಹೆಸರು. ಕಾರವಾರದಿಂದ, ಹಾಯಿ ಬಿಚ್ಚಿ ಗಾಳಿಯಲ್ಲೇ ಓಡುವ ಗಾಳಿಹಡಗು ಹತ್ತಿ, ಹತ್ತೊಂಬತ್ತು ದಿನಕ್ಕೆ ಮೊಜಾಂಬಿಕ್ ಮುಟ್ಟಿದೆ. ನೆಲಕ್ಕೆ ಹಣೆಯಿಟ್ಟು ಅತ್ತೆ. ಆ ಅಳು ಸುಳ್ಳಾಗಿರಲಿಲ್ಲ.

ಅಲ್ಲಿ ಜಾಂಬೆಜಿ ನದಿ ಸಮುದ್ರ ಸೇರುವ ಜವುಳು ನಾಡಿನಲ್ಲಿ ಎರ್ಮೆಲಿಂಡಾ ಎಂಬ ಸೂಲಗಿತ್ತಿ ಒಂದು ಸಣ್ಣ ಕಂಪನಿ ಕಟ್ಟಿದ್ದಳು. ಸಮುದ್ರ ಏರಿ ರಸ್ತೆಗಳೆಲ್ಲ ಮುಳುಗಿದ್ದವು. ಅವಳ ದೋಣಿಗಳು ಹಳ್ಳಿಹಳ್ಳಿಗೆ ಹೋಗಿ ಬಸುರಿಯರನ್ನು ಆಸ್ಪತ್ರೆಗೆ ತಲುಪಿಸುತ್ತಿದ್ದವು. ದೋಣಿ ನಡೆಸುವವರು ನಲವತ್ತು ಮಂದಿ ಹೆಂಗಸರು. ನೀರಿನ ಬಣ್ಣ ನೋಡಿಯೇ ಅಡಿಯಲ್ಲಿ ಹೂಳೆಷ್ಟಿದೆ ಎಂದು ಹೇಳುವವರು. ಅವರು ಕಂಪನಿಯನ್ನು ಕರೆಯುತ್ತಿದ್ದ ಹೆಸರು ನನಗೆ ಕೇಳಿಸಿದ್ದು 'ತಾಯಿದೋಣಿ' ಎಂದು. ನಮ್ಮ ಕಾಲದಲ್ಲಿ ಕಿವಿಯೊಳಗೆ ಜೋಳದ ಕಾಳಿನಷ್ಟು ಸಣ್ಣ ಯಂತ್ರ ಇಟ್ಟುಕೊಳ್ಳುತ್ತೇವೆ. ಕಿವಿಬೀಜ ಎಂಬ ಅದು ಎದುರಿನವರ ಮಾತನ್ನು ನಮ್ಮ ಮನೆಮಾತಿಗೆ ತಿರುಗಿಸುತ್ತದೆ. ಆ ಹೆಂಗಸರೆಲ್ಲ ನನ್ನ ಕಿವಿಯಲ್ಲಿ ಹಳಿಯಾಳದವರಂತೆ ಮಾತಾಡಿದರು. ಬಂದ ಎರಡನೇ ದಿನಕ್ಕೇ ನನಗೆ ಎಲ್ಲ ತಿಳಿಯಿತು ಅನ್ನಿಸಿದ್ದು ಅದರಿಂದಲೇ.

ನಾನು ಹಣ ಹೂಡಿದೆ; ದೋಣಿಗಳು ಹೆಚ್ಚಿದವು. ಮೂರನೇ ವರ್ಷ ನಾವು ಹೂಡಿಕೆದಾರರು ಒಂದು ಯೋಜನೆ ತಂದೆವು. ದೋಣಿಗಳು ನಕ್ಷೆ ನೋಡಿಕೊಂಡು ತಾವೇ ನಡೆಯಲಿ, ಚುಕ್ಕಾಣಿ ತೆಗೆದ ಜಾಗದಲ್ಲಿ ಇನ್ನೊಂದು ಹಾಸಿಗೆ ಹಾಕೋಣ, ಇನ್ನೊಬ್ಬ ಬಸುರಿಗೆ ಅನುಕೂಲವಾಗುತ್ತದೆ ಎಂದು. ಕಾಗದದ ಮೇಲೆ ಅದು ಚೆಂದವೇ ಇತ್ತು. ಎರ್ಮೆಲಿಂಡಾ ಮೇಜಿನ ಆ ತುದಿಯಲ್ಲಿ ಎದ್ದು ನಿಂತಳು.

"ನದಿ ವರ್ಷಾ ದಾರಿ ಬದಲಿಸ್ತೈತ್ರಿ. ನಕ್ಷಾಕ್ಕ ಅದು ಹೇಳಿ ಹೋಗೂದಿಲ್ಲ. ಈ ಹೆಣ್ಮಕ್ಕಳನ್ನ ಬಿಡಿಸಬ್ಯಾಡ್ರಿ."

"ನಿಮ್ಮ ಕಷ್ಟ ನನಗ ಗೊತ್ತೈತಿ, ಎರ್ಮೆಲಿಂಡಾ," ಎಂದೆ. "ನಾನೂ ಈ ಮಣ್ಣಿನ ಮಗಳಽ. ನಿಮಗ ಕೆಟ್ಟದ್ದು ಬಯಸ್ತೀನೇನು?"

ಅವಳು ಯೋಜನೆಯ ಕಾಗದವನ್ನು ನನ್ನ ಕಡೆ ಸರಿಸಿದಳು. "ಮಗಳು ಅಂತೀರಿ. ಒಂದು ದಿನಾನೂ ನಮ್ಮ ದೋಣ್ಯಾಗ ಕುಂತು ಹಳ್ಳಿಗೆ ಹೋಗಿಲ್ಲ."

ನನಗೆ ಸಿಟ್ಟು ಬಂತು. ತವರಿಗೆ ಬಂದವಳಿಗೆ ಬಾಗಿಲಲ್ಲೇ ಅವಮಾನವಾದಂತೆ ಅನ್ನಿಸಿತು. ಕಂಪನಿಯಲ್ಲಿ ಮತವಿದ್ದ ನಾವು ಐವರಲ್ಲಿ ಇಬ್ಬರು ಎರ್ಮೆಲಿಂಡಾಳ ಕಡೆ, ಇಬ್ಬರು ಯೋಜನೆಯ ಕಡೆ ಇದ್ದರು. ಐದನೆಯ ಕೈ ನನ್ನದು. ಯೋಜನೆಗೆ ಎತ್ತಿದೆ. ಎರ್ಮೆಲಿಂಡಾ ಅಂದೇ ಬೀಗದ ಕೈ ಮೇಜಿನ ಮೇಲಿಟ್ಟು ಹೋದಳು. ನಲವತ್ತು ಹೆಂಗಸರನ್ನು ಸನ್ಮಾನ ಮಾಡಿ ಮನೆಗೆ ಕಳಿಸಿದೆವು. ಅವರಿಗೆ ಹಾರ ಹಾಕಿದ್ದು ನಾನೇ.

ಮುಂದಿನ ಮಳೆಗಾಲ ಚಂಡಮಾರುತ ಬಂದು ಹೋದ ನಾಲ್ಕನೇ ದಿನ ಬೆಳಿಗ್ಗೆ, ಬೆನ್ವಿಂಡಾ ಎಂಬವಳಿಗೆ ಹೆರಿಗೆ ನೋವು ಶುರುವಾಯಿತು. ಮಗು ಅಡ್ಡ ತಿರುಗಿತ್ತು, ಆಸ್ಪತ್ರೆ ಮುಟ್ಟಲೇಬೇಕಿತ್ತು. ದೋಣಿ ಬಂತು. ಬೆನ್ವಿಂಡಾ ಯಾರೆಂದರೆ, ನಾನು ಹಾರ ಹಾಕಿ ಕಳಿಸಿದ ನಲವತ್ತರಲ್ಲಿ ಒಬ್ಬಳು. ಹತ್ತು ವರ್ಷ ಅದೇ ನೀರಿನಲ್ಲಿ ದೋಣಿ ನಡೆಸಿದವಳು. ಚಂಡಮಾರುತಕ್ಕೆ ಹಳೆಯ ಕಾಲುವೆ ಹೂಳು ತುಂಬಿದ್ದನ್ನು ಮಲಗಿದಲ್ಲಿಂದಲೇ ನೋಡಿ, "ಎಡಕ್ಕ ಹೊಳ್ಳಿಸ್ರಿ, ಎಡಕ್ಕ!" ಎಂದು ಕೂಗಿದಳಂತೆ. ದೋಣಿಯಲ್ಲಿದ್ದ ನರ್ಸ್ ಏನು ಮಾಡಿಯಾಳು? ಹಿಡಿಯಲು ಚುಕ್ಕಾಣಿಯೇ ಇರಲಿಲ್ಲ. ದೋಣಿ ನಕ್ಷೆಯ ಪ್ರಕಾರ ನೇರ ಹೋಗಿ ಕೆಸರಿನಲ್ಲಿ ಕೂತಿತು. ಏಳು ತಾಸು. ಬೆನ್ವಿಂಡಾ ಉಳಿದಳು. ಮಗು ಉಳಿಯಲಿಲ್ಲ.

ನಾನು ಬೆನ್ವಿಂಡಾಳ ಮನೆಗೆ ಹೋದೆ. ಅವಳು ಅಂಗಳದಲ್ಲಿ ಮೀನು ಒಣಹಾಕುತ್ತಿದ್ದಳು. ಕಿವಿಬೀಜ ತೆಗೆದು ಜೇಬಿಗೆ ಹಾಕಿ, ಕಲಿತುಕೊಂಡು ಹೋಗಿದ್ದ ಅವಳ ಭಾಷೆಯ ನಾಲ್ಕು ಮಾತಿನಲ್ಲಿ ಕ್ಷಮೆ ಕೇಳಿದೆ. ಅವಳು ನನ್ನ ಜೇಬಿನ ಕಡೆ ಕೈ ತೋರಿಸಿ, ಅದನ್ನು ಹಾಕಿಕೊಳ್ಳುವಂತೆ ಸನ್ನೆ ಮಾಡಿದಳು. ಹಾಕಿಕೊಂಡ ಮೇಲೆ ಹೇಳಿದಳು:

"ಕ್ಷಮಾ ಮಾತ್ರ ಕೇಳಬ್ಯಾಡ್ರಿ. ನಾ ಅದನ್ನ ಕೊಟ್ರ ನೀವು ಹಗುರಾಗಿ ಊರಿಗೆ ಹೋಗ್ತೀರಿ. ನಾ ಇಲ್ಲೇ ಇರಬೇಕು."

"ಮತ್ತ ನಾ ಏನ್ ಮಾಡ್ಲಿ, ಹೇಳ್ರಿ."

"ಚುಕ್ಕಾಣಿ ವಾಪಸ್ ಹಚ್ಚಿಸ್ರಿ. ಆಮ್ಯಾಲ ನೀವು ಬರಬ್ಯಾಡ್ರಿ."

ಎರಡನ್ನೂ ಮಾಡಿದೆ. ಎಲ್ಲ ದೋಣಿಗಳಿಗೂ ಚುಕ್ಕಾಣಿ ಕೂಡಿಸಿದೆವು. ನನ್ನ ಪಾಲನ್ನೂ ಮತವನ್ನೂ ದೋಣಿ ನಡೆಸುವವರ ಹೆಸರಿಗೆ ಬರೆದುಕೊಟ್ಟೆ. ಎರ್ಮೆಲಿಂಡಾಳನ್ನು ಮರಳಿ ಕರೆಸಿದ್ದು ಅವರೇ. ನನ್ನ ಮೂರು ಪತ್ರಗಳಿಗೆ ಅವಳು ಉತ್ತರಿಸಲಿಲ್ಲ. ತಾಯಿದೋಣಿ ಈಗಲೂ ನಡೆಯುತ್ತಿದೆಯೆಂದು ಕಾರವಾರಕ್ಕೆ ಬರುವ ಹಡಗಿನವರು ಹೇಳುತ್ತಾರೆ. ಬೆನ್ವಿಂಡಾ ಮತ್ತೆ ಕೆಲಸಕ್ಕೆ ಸೇರಿದ್ದಾಳಂತೆ. ಒಂಬತ್ತು ವರ್ಷವಾಯಿತು. ನಾನು ಆ ನೆಲ ತುಳಿದಿಲ್ಲ.

ಅವರನ್ನು ನಮ್ಮವರೆಂದುಕೊಂಡಿದ್ದು ತಪ್ಪೆಂದು ನನಗೆ ಇಂದಿಗೂ ಅನ್ನಿಸುವುದಿಲ್ಲ. ಆದರೆ ನೆಂಟಸ್ತಿಕೆ ಹೇಳಿಕೊಂಡು ಹೋದವಳು ನೆಂಟಳಂತೆ ಅಡುಗೆಮನೆಯಲ್ಲಿ ಕೂರಲಿಲ್ಲ. ಯಜಮಾನಿಯಂತೆ ಪಡಸಾಲೆಯಲ್ಲಿ ಕೂತೆ. ನಮ್ಮ ಹಿರಿಯರನ್ನು ಹಡಗಿಗೆ ತುಂಬಿದವರೂ ಅವರನ್ನು ಒಂದು ಮಾತು ಕೇಳಿರಲಿಲ್ಲ. ಆ ಕ್ರೌರ್ಯಕ್ಕೂ ನನ್ನ ಒಳ್ಳೆಯತನಕ್ಕೂ ಹೋಲಿಕೆ ಇಲ್ಲವೆಂದು ಎಷ್ಟೋ ಮಧ್ಯಾಹ್ನ ನನಗೆ ನಾನೇ ವಾದಿಸಿದ್ದೇನೆ. ಪೂರ್ತಿ ಗೆದ್ದಿಲ್ಲ.

ಮುತ್ತಜ್ಜಿ, ನಿನ್ನಲ್ಲಿ ಒಂದು ಬೇಡಿಕೆ. ನಿನ್ನ ಮಗಳಿಗೆ ಈಗ ಐದು ವರ್ಷವಿರಬೇಕು. ಎಲ್ಲದಕ್ಕೂ ಮುಂದಾಗಿ ಕೈಹಾಕುವ ಚೂಟಿ ಹುಡುಗಿಯೆಂದು ಕೇಳಿದ್ದೇನೆ. ಊರವರೆಲ್ಲ ಮೆಚ್ಚುತ್ತಾರೆ, ನೀನೂ ಮೆಚ್ಚು. ಆದರೆ ಬೇರೆಯವರ ಮನೆಯ ಗಂಟು ಬಿಡಿಸಲು ಅವಳು ಓಡಿದಾಗ, ತೋಳು ಹಿಡಿದು ಪಕ್ಕದಲ್ಲಿ ಕೂರಿಸಿಕೋ. ಆ ಮನೆಯವರು ಮಾತು ಮುಗಿಸುವವರೆಗೆ ಬಿಡಬೇಡ. ಅವಳು ಅತ್ತರೂ ಬಿಡಬೇಡ. ಅವಳು ಅದನ್ನು ನನ್ನ ತಾಯಿಗೆ ಕಲಿಸಲಿ, ನನ್ನ ತಾಯಿ ನನಗೆ ಕಲಿಸಲಿ.

ಹಾಗಾಗಿದ್ದರೆ ನಾನು ಈ ಕಾಗದ ಬರೆಯುತ್ತಲೇ ಇರಲಿಲ್ಲ, ಗೊತ್ತು. ಆದರೂ ಬರೆದೆ.

ನಿನ್ನ ಮರಿಮಗಳು,
ಲುವಿಜಾ ಸಿದ್ದಿ