ಅತಿಥಿಗಳು ಬಂದರೆ ಮಾತ್ರ ಕರೆಂಟು

ಬಂದರಿನ ಮಾನ್ಯ ಮುಖ್ಯಾಧಿಕಾರಿಗಳೇ,

ಹಡಗು ನಿಲ್ಲುವ ನಿಮ್ಮ ದಕ್ಕೆಯಲ್ಲಿ ಕೂರಿಸಿರುವ ಹೊಸ ವಿದ್ಯುತ್ ಪ್ಲಗ್ ಬಹಳ ಚೆನ್ನಾಗಿದೆ. ದಯವಿಟ್ಟು ಅದನ್ನು ಬಳಸಿ. ನನ್ನ ದೂರು ಇಷ್ಟೇ. ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಚಿಕ್ಕ ಅರ್ಜಿಗಳನ್ನು ಕೊಟ್ಟು ನೋಡಿದ್ದೇನೆ, ಅವು ನಿಮ್ಮ ಕಚೇರಿಯಲ್ಲಿ ಬೇಗ ಕಳೆದುಹೋಗುತ್ತವೆ. ಇದು ಉದ್ದವಾಗಿದೆ, ಆರಾಮವಾಗಿ ಕುಳಿತು ಓದಿ.

ನಾನು ನಿಮ್ಮ ಕಾಂಪೌಂಡಿನ ಈಚೆ ಲಾಂಡ್ರಿ ನಡೆಸುವವಳು. ಗಂಡ ಹಿತೇಶ್ ಗಲ್ಫಿನಿಂದ ಮರಳಿದ ಮೇಲೆ ಇಬ್ಬರೂ ಸೇರಿ ಶುರು ಮಾಡಿದ್ದು. ಅತ್ತಾವರದ ಒಂದು ಆಸ್ಪತ್ರೆಯ ಬಿಳಿ ಕೋಟುಗಳೆಲ್ಲ ನಮ್ಮ ತಾರಸಿಯಲ್ಲೇ ಒಣಗುತ್ತವೆ. ಬಂದರಿನ ಪಕ್ಕ ಬಿಳಿ ಬಟ್ಟೆಯ ವ್ಯಾಪಾರ! ನಮ್ಮ ಬುದ್ಧಿವಂತಿಕೆಗೆ ನೀವು ಧಾರಾಳವಾಗಿ ನಗಬಹುದು. ದಕ್ಕೆಗೆ ಬಂದು ನಿಂತ ಹಡಗು ದೀಪಕ್ಕೆ, ಪಂಪಿಗೆ, ಅಡುಗೆಮನೆಗೆಂದು ಹಗಲಿರುಳು ಎಂಜಿನ್ ಓಡಿಸುತ್ತದೆ. ಮಧ್ಯಾಹ್ನದ ಕಡಲಗಾಳಿ ಅದರ ಮಸಿಯನ್ನು ಹೊತ್ತು ತಂದು ನಮ್ಮ ಹಗ್ಗದ ಮೇಲೆ ಇಳಿಸುತ್ತದೆ. ಆಸ್ಪತ್ರೆಯ ನರ್ಸುಗಳ ಮುಖ್ಯಸ್ಥೆ ಸಿಸ್ಟರ್ ರೊಸಾಲಿನ್ ಒಂದು ಕೋಟನ್ನು ಎತ್ತಿ ಹಿಡಿದು, "ಎಂತ ಯಶ್ಮಿತಾ ಇದು? ಇದನ್ನು ಹಾಕ್ಕೊಂಡು ಡಾಕ್ಟ್ರು ವಾರ್ಡಿಗೆ ಹೋದ್ರೆ ಪೇಶೆಂಟೇ ಅವರನ್ನು ಹುಷಾರಿದ್ದೀರಾ ಅಂತ ಕೇಳ್ತಾರೆ" ಎಂದರು. ನನಗೆ ನಗು ಬಂತು. ಮುಂದಿನ ಮಾತಿಗೆ ಆ ನಗು ನಿಂತಿತು. ಈ ತಿಂಗಳ ಕೊನೆಯೊಳಗೆ ಕೋಟು ಬೆಳ್ಳಗೆ ಬರದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತದೆಯಂತೆ. ಆ ಆಸ್ಪತ್ರೆ ಕೈಬಿಟ್ಟರೆ ನಮ್ಮ ಲಾಂಡ್ರಿಗೆ ಬೀಗವೇ ಗತಿ.

ಅಷ್ಟರಲ್ಲಿ ನೀವು ಪ್ಲಗ್ ಉದ್ಘಾಟಿಸಿದಿರಿ. ನಿಂತ ಹಡಗು ಎಂಜಿನ್ ಆರಿಸಿ ದಡದ ಕರೆಂಟು ಪಡೆಯುವ ತಂತ್ರಜ್ಞಾನ! ಶಾಮಿಯಾನವೇನು, ಚೆಂಡೆಯೇನು, ಪ್ಲಗ್ಗಿಗೆ ಕುಂಕುಮವೇನು, ಹಡಗಿಗೆ ಹಾರವೇನು! ಆ ಸಂಜೆ ತಾರಸಿಗೆ ಹೋಗಿ ನೋಡುತ್ತೇನೆ, ಕೋಟುಗಳು ಮಲ್ಲಿಗೆಯಷ್ಟು ಬಿಳಿ! ನಾನು ಕಿರುಚಿದೆ, ಹಿತೇಶ್ ಓಡಿ ಬಂದ, ಇಬ್ಬರೂ ಹಗ್ಗಗಳ ನಡುವೆ ಕುಣಿದೆವು. ಎದುರು ಮನೆಯವರು ನಮಗೆ ಲಾಟರಿ ಹೊಡೆಯಿತೆಂದೇ ತಿಳಿದರು. ಮರುದಿನ ಕೋಟುಗಳು ಮತ್ತೆ ಬೂದಿ ಬಣ್ಣ.

ನಿಮ್ಮ ಎಂಜಿನಿಯರೊಬ್ಬರನ್ನು ಗೇಟಿನಲ್ಲೇ ಹಿಡಿದೆ. ಹೆಸರು ಹೇಳುವುದಿಲ್ಲ, ಅವರಿಗೆ ಕೆಲಸ ಬೇಕು.

"ಪ್ಲಗ್ ಸರಿ ಉಂಟು ಮೇಡಂ, ಹಡಗಿನವರೂ ರೆಡಿ. ಆದ್ರೆ ಕರೆಂಟಿಗೆ ಎಷ್ಟು ಚಾರ್ಜ್ ಮಾಡ್ಬೇಕು ಅಂತ ಕಮಿಟಿ ಇನ್ನೂ ಹೇಳ್ಲಿಲ್ಲ. ಹಾಗಾಗಿ ಬಳಸ್ಲಿಕ್ಕೆ ಪರ್ಮಿಶನ್ ಇಲ್ಲ, ತೋರಿಸ್ಲಿಕ್ಕೆ ಮಾತ್ರ ಉಂಟು. ಯಾರಾದ್ರೂ ನೋಡ್ಲಿಕ್ಕೆ ಬಂದ್ರೆ ದಿನವಿಡೀ ಆನ್ ಇಡ್ತೇವೆ."

"ಯಾರಾದ್ರೂ ಅಂದ್ರೆ?"

"ಯಾರಾದ್ರೂ ಮಾರಾಯ್ರೆ!"

ಮಾನ್ಯರೇ, ತೋರಿಸಿದರೆ ಖರ್ಚಾಗದ ಕರೆಂಟು ಬಳಸಿದರೆ ಮಾತ್ರ ಖರ್ಚಾಗುತ್ತದೆಯೇ? ಈ ವಿಜ್ಞಾನ ಯಾವ ಶಾಲೆಯಲ್ಲಿ ಕಲಿಸುತ್ತಾರೆ? ಆದರೆ ಆಗ ವಾದ ಮಾಡಲು ನನಗೆ ಪುರುಸೊತ್ತಿರಲಿಲ್ಲ, ಒದ್ದೆ ಬಟ್ಟೆ ಕಾಯುತ್ತಿತ್ತು. ಭಜನಾ ಮಂಡಳಿಯನ್ನು ಕರೆತಂದೆ, ಕೋಟು ಬಿಳಿ. ಮಹಿಳಾ ಮಂಡಲವನ್ನು ತಂದೆ, ಮತ್ತೂ ಬಿಳಿ. ಬಜಪೆಯ ಸೋದರತ್ತೆಯ ಮನೆಗೆ ಮದುವೆಗೆಂದು ಬಂದಿದ್ದ ಬೀಗರನ್ನು ಮರುದಿನವೇ ಬಸ್ಸಿಗೆ ತುಂಬಿದೆ. ಪ್ಲಗ್ಗಿನ ಎದುರು ರೇಷ್ಮೆ ಸೀರೆಯಲ್ಲಿ ನಿಂತು ಫೋಟೊ ತೆಗೆಸಿಕೊಂಡ ಮೇಲೆ ಅವರು, "ಇಲ್ಲಿ ನೋಡ್ಲಿಕ್ಕೆ ಎಂತ ಉಂಟು?" ಎಂದು ಕೇಳಿದರು.

"ಹೊಗೆ ಇಲ್ಲ ಅಲ್ವಾ, ಅದನ್ನೇ ನೋಡಿ" ಎಂದೆ. ಪಾಪ, ಕತ್ತೆತ್ತಿ ಬಹಳ ಹೊತ್ತು ನೋಡಿದರು.

ಕೊನೆಗೆ ಸಿಸ್ಟರ್ ರೊಸಾಲಿನ್ ಅವರೇ ನರ್ಸುಗಳೊಂದಿಗೆ ಬಂದರು. ಪ್ಲಗ್ ನೋಡಿ, ತಾರಸಿಗೂ ಹತ್ತಿ ಬಂದು, ಆ ದಿನದ ಒಂದು ಬಿಳಿ ಕೋಟು, ಹಿಂದಿನ ದಿನದ ಒಂದು ಬೂದಿ ಕೋಟು ಜೋಡಿಸಿ ಹಿಡಿದರು. "ಒಂದು ಮಧ್ಯಾಹ್ನಕ್ಕೆ ಬಟ್ಟೆಯಲ್ಲಿ ಇಷ್ಟು ಕೂತ್ರೆ, ನಿಮ್ಮಿಬ್ಬರ ಎದೆಯಲ್ಲಿ ಎಷ್ಟು ಕೂತಿರ್ಬೇಕು ಯಶ್ಮಿತಾ?" ಎಂದರು. ಅಲ್ಲಿಯವರೆಗೆ ನನಗೆ ಕೋಟಿನದ್ದೇ ಚಿಂತೆ. ಆ ಸಂಜೆ ಹಿತೇಶ್ ಕೆಮ್ಮಿದಾಗ ನಿಜವಾಗಿಯೂ ಹೆದರಿಕೆಯಾಯಿತು.

ಈಗ ನಿಮ್ಮ ಸುತ್ತೋಲೆ ಗೇಟಿನಲ್ಲಿ ಅಂಟಿದೆ: ಸಂದರ್ಶಕರು ಹೆಚ್ಚಾಗಿ ಬಂದರಿನ ಕೆಲಸಕ್ಕೆ ಅಡ್ಡಿಯಾಗುತ್ತಿರುವ ಕಾರಣ ಭೇಟಿಗಳನ್ನು ರದ್ದುಪಡಿಸಲಾಗಿದೆ. ಯಾವ ಕೆಲಸಕ್ಕೆ ಅಡ್ಡಿ, ಸ್ವಾಮಿ? ಹೊಗೆ ಬಿಡುವ ಕೆಲಸಕ್ಕೇ?

ತಿಂಗಳ ಕೊನೆ ಹತ್ತಿರ ಬಂದಿದೆ. ಈ ವಾರವೇ ಕಮಿಟಿಯನ್ನು ಕೂರಿಸಿ, ದರ ಗೊತ್ತುಮಾಡಿ, ಪ್ಲಗ್ಗಿಗೆ ಒಗ್ಗುವ ಹಡಗು ಬಂದಾಗಲೆಲ್ಲ ಅದರ ಎಂಜಿನ್ ಆರಿಸಿ. ಸಭೆಗೆ ಜಾಗವಿಲ್ಲವೆಂದರೆ ನಮ್ಮ ತಾರಸಿ ಇದೆ. ಎಲ್ಲರೂ ಬಿಳಿ ಅಂಗಿಯಲ್ಲಿ ಬನ್ನಿ. ಚಹಾ, ಗೋಳಿಬಜೆ ನನ್ನದು. ಸಂಜೆಯವರೆಗೆ ಚರ್ಚಿಸಿ. ಹೋಗುವಾಗ ಅಂಗಿಗಳನ್ನು ಬಿಚ್ಚಿ ಕೊಡಿ, ಪುಕ್ಕಟೆ ಒಗೆದು ಇಸ್ತ್ರಿ ಹಾಕಿ ಕಳಿಸುತ್ತೇನೆ. ಅಷ್ಟು ಹೊತ್ತು ನೀವು ಒಳಗೆಳೆದುಕೊಂಡ ಗಾಳಿಯನ್ನು ಮಾತ್ರ ನಮ್ಮ ಲಾಂಡ್ರಿಯಲ್ಲಿ ಒಗೆಯಲಾಗುವುದಿಲ್ಲ.

ಇಂತಿ,
ಕರೆತರಲು ಇನ್ನು ನೆಂಟರೇ ಉಳಿಯದ,
ಲಾಂಡ್ರಿಯ ಯಶ್ಮಿತಾ